ಅರ್ಜಿಯಲ್ಲಿ ಕಾಣದ ತುಳಸಮ್ಮ

"ಇದರಲ್ಲಿ ತುಳಸಮ್ಮ ಎಲ್ಲಿದ್ದಾರೆ?"

ಆಂಡಾಳ್ ಬರೆದ ಮೊದಲ ಅರ್ಜಿಯನ್ನು ಆತ್ರೇಯ ಮೇಜಿನ ಮೇಲಿಟ್ಟ. ತೊಂಬತ್ತಾರರಲ್ಲಿ ಅವಳು ಚಾಮರಾಜಪೇಟೆಯ ವಕೀಲರೊಬ್ಬರ ಆಫೀಸಿಗೆ ಸೇರಿದಾಗ, ಅವನು ಅಲ್ಲಿನ ಜೂನಿಯರ್ ವಕೀಲರಲ್ಲಿ ಹಿರಿಯ.

"ಎಲ್ಲಾ ಸೆಕ್ಷನ್ ಹಾಕಿದೀನಲ್ಲ..."

"ಸೆಕ್ಷನ್ ಇದೆ, ಮನುಷ್ಯರಿಲ್ಲ. ನಡೆದದ್ದನ್ನ ಕಥೆ ಹೇಳೋ ಹಾಗೆ ಬರೀರಿ. ಜಡ್ಜ್‌ಗೆ ಆ ಮನೆ ಕಾಣಬೇಕು."

ಎಂಥಾ ಅಹಂಕಾರ!

ಆದರೆ ಆಂಡಾಳ್‌ಗೆ ಕೋಪಕ್ಕಿಂತ ಭಯವೇ ಹೆಚ್ಚಾಗಿತ್ತು. ಹೊಡೆಯುವ ಗಂಡನನ್ನು ಬಿಟ್ಟು ಬಂದಿದ್ದಳು ತುಳಸಮ್ಮ. ಮಗಳು ಯಶಶ್ರೀಯನ್ನು ಎಳೆದೊಯ್ಯುವುದಾಗಿ ಅವನು ಬೆದರಿಸುತ್ತಿದ್ದ. ಮಗು ತಾಯಿಯ ಬಳಿಯೇ ಇರಲಿ ಎಂದು ಕೋರುವ ಅರ್ಜಿಯದು.

'ನನ್ನ ತಪ್ಪಿಂದ ಆ ಮಗು ಅವನ ಕೈ ಸೇರಿದ್ರೆ...?'

ಆಂಡಾಳ್ ಗವಿಪುರಂನ ತುಳಸಮ್ಮನ ಒಂಟಿ ಕೋಣೆಗೆ ಹೋದಳು. ಮಾತಾಡುತ್ತಿದ್ದಂತೆ ಹೊರಗೆ ಸ್ಕೂಟರ್ ನಿಂತ ಸದ್ದು!

ಯಶಶ್ರೀ ಸದ್ದಿಲ್ಲದೆ ಮಂಚದ ಕೆಳಗೆ ತೂರಿ, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಅಪ್ಪ ಅಲ್ಲ ಪುಟ್ಟಿ, ಪಕ್ಕದ್ಮನೆಯೋರು... ಬಾ."

ಮಗು ಬರಲಿಲ್ಲ. ಕೊನೆಗೆ ಹೊರಬಂದಾಗ ಫ್ರಾಕು ಒದ್ದೆಯಾಗಿತ್ತು.

"ದಿನಾ ಹೀಗೇ ಅಮ್ಮಾ," ತುಳಸಮ್ಮ ಬಿಕ್ಕಿದಳು.

ಆಂಡಾಳ್ ಅದನ್ನೇ ಬರೆದಳು, ತುಳಸಮ್ಮನ ಮಾತಲ್ಲೇ. 'ಕ್ರೂರಿ' ಎಂಬ ಪದ ಎಲ್ಲೂ ಹಾಕಲಿಲ್ಲ. ಸೆಕ್ಷನ್‌ಗಳು ಕೊನೆಗೆ ಬಂದವು. ಓದಿದ ಆತ್ರೇಯ ಅದನ್ನು ಮೇಜಿನ ಮೇಲಿಟ್ಟು ಎದ್ದುಹೋದ.

ವಿಚಾರಣೆಯ ಬೆಳಿಗ್ಗೆ ಕೋರ್ಟಿನ ಮೂಲೆಯಲ್ಲಿ ಆತ್ರೇಯ ಎದುರು ವಕೀಲರ ಜೊತೆ ಪಿಸುಗುಡುತ್ತಿದ್ದ! ಆಂಡಾಳ್ ದೂರದಿಂದಲೇ ನೋಡಿದಳು.

'ನಮ್ಮ ಕೇಸಿನ ಗುಟ್ಟು ಹೇಳಿಬಿಟ್ರಾ...?'

ಒಳಗೆ ಜಡ್ಜ್ ಅರ್ಜಿ ಓದುತ್ತಾ, ಮಂಚದ ಕೆಳಗಿನ ಮಗುವಿನ ಸಾಲಿಗೆ ಬಂದು ಓದು ನಿಲ್ಲಿಸಿದರು. ಮತ್ತೆ ಓದಿದರು. ಕನ್ನಡಕ ತೆಗೆದು, "ಮಗು ಜೊತೆ ನಾನೇ ಮಾತಾಡ್ತೀನಿ," ಎಂದರು.

ಮಗುವಿನ ಜೊತೆ ಮಾತಾಡಿದ ಮೇಲೆ ಆದೇಶ ಬಂತು. ಕೇಸು ಮುಗಿಯುವವರೆಗೆ ಯಶಶ್ರೀ ತಾಯಿಯ ಜೊತೆಗೇ. ತಂದೆ ಆ ಮನೆಯ ಹತ್ತಿರ ಸುಳಿಯುವಂತಿಲ್ಲ!

ಹೊರಗೆ ಬಂದ ಆಂಡಾಳ್ ನೇರ ಆತ್ರೇಯನ ಬಳಿಗೆ ಹೋದಳು.

"ಅವರ ವಕೀಲರ ಹತ್ರ ನಿಮಗೇನು ಮಾತು?"

"ಆ ಮನುಷ್ಯನ್ನ ಬೇರೆ ಬಾಗಿಲಿಂದ ಕರ್ಕೊಂಡ್ಹೋಗಿ ಅಂತ ಬೇಡ್ಕೊಂಡೆ. ಮಗು ಎದುರಿಗೆ ಅವನು ಬರಬಾರದಿತ್ತು."

ಆಂಡಾಳ್ ಕಣ್ಣು ತುಂಬಿತು. "ನಾನು ನಿಮ್ಮನ್ನ ಏನೇನೋ ಅಂದ್ಕೊಂಡೆ..."

"ನಿಮ್ಮ ಅರ್ಜಿ ಓದಿ ಅವತ್ತು ಅಳು ಬಂತು. ಅದಕ್ಕೇ ಎದ್ದುಹೋದೆ." ಅವನು ತಡವರಿಸಿದ. "ಅವತ್ತಿಂದ ನಮ್ಮಿಬ್ಬರ ವಿಷಯ ನಿಮ್ಮನ್ನ ಒಂದು ಮಾತು ಕೇಳಬೇಕು ಅಂತಿದೀನಿ... ಭಯ."

"ನಿಮಗೂ ಭಯಾನಾ?"

"ನೀವು ಇಲ್ಲ ಅಂದ್ಬಿಟ್ರೆ?"

ಆಂಡಾಳ್ ಕಣ್ಣೊರೆಸಿಕೊಂಡು ಅವನ ಪಕ್ಕಕ್ಕೆ ಬಂದು ನಿಂತಳು.

"ಕೇಳಿ ಆತ್ರೇಯ... ಇಲ್ಲ ಅನ್ನಲ್ಲ."