ಹನ್ನೊಂದು ಸೆಕೆಂಡಿನ ಕೇಳುಗರು

ಅವಳ ಪಾಡ್‌ಕಾಸ್ಟಿಗೆ ಮುನ್ನೂರ ನಲವತ್ತು ಕೇಳುಗರಿದ್ದರು. ಹೆಚ್ಚುಕಡಿಮೆ ಎಲ್ಲರೂ ಸರಿಯಾಗಿ ಹನ್ನೊಂದನೇ ಸೆಕೆಂಡಿಗೆ ಎದ್ದು ಹೋಗುತ್ತಿದ್ದರು.

ಹೊಲಿಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ, ದನಿ ಗುಂಯ್‌ಗುಡದಿರಲೆಂದು ಬಟ್ಟೆಯ ಥಾನುಗಳ ನಡುವೆ ಕೂತು, ಅಳತೆ ತಪ್ಪಿದ ಉಡುಪುಗಳ ಕಥೆ ಹೇಳುತ್ತಿದ್ದಳು. ಅಜ್ಜಿಯ ಕಾಲದಲ್ಲಾದರೆ ರೇಡಿಯೋದವರು ಕರೆಯಬೇಕಿತ್ತು. ಈಗ ಯಾರೂ ಕರೆಯದೆಯೇ ಮಾತಾಡಬಹುದು, ಯಾರೂ ಕೇಳದೆಯೂ ಇರಬಹುದು. ಆ ಹಾಳು ಹನ್ನೊಂದು ಸೆಕೆಂಡುಗಳನ್ನು ಅವಳು ಏಳು ಸಲ ಬಿಚ್ಚಿ ಹೊಲಿದಿದ್ದಳು. ಇಪ್ಪತ್ತನೇ ಕಂತಿಗೆ ಎಲ್ಲ ನಿಲ್ಲಿಸಿಬಿಡುವುದೆಂದು ತೀರ್ಮಾನಿಸಿಯೂ ಆಗಿತ್ತು.

ನಿಲ್ಲಿಸಬೇಡಿ ಎಂದವನು ಪಕ್ಕದ ಮೊಬೈಲ್ ರಿಪೇರಿಯವನೊಬ್ಬನೇ. ಮಾತಾಡುವಾಗ ಅವಳ ಮುಖ ನೋಡದೆ, ಕಾಲರಿಗೆ ಚುಚ್ಚಿಟ್ಟ ಗುಂಡುಸೂಜಿಗಳನ್ನು ಎಣಿಸುವವನಂತೆ ನೋಡುತ್ತಿದ್ದ. ಅದಕ್ಕೆ ಅವಳಿಗೆ ರೇಗುತ್ತಿತ್ತು. ನೋಡದ ದಿನ ಇನ್ನೂ ಹೆಚ್ಚು ರೇಗುತ್ತಿತ್ತು.

ಅಂದು ಬೆಳಿಗ್ಗೆ ಚಾರ್ಜರ್ ಕೇಳಲು ಹೋದರೆ, ಅವನು ಬೆನ್ನು ಹಾಕಿ ಕೂತು ಯಾರದೋ ಫೋನಿನ ಸ್ಪೀಕರ್ ಪರೀಕ್ಷಿಸುತ್ತಿದ್ದ. ಅದರಿಂದ ಅವಳದೇ ದನಿ ಬಂತು. ಹನ್ನೊಂದು ಸೆಕೆಂಡಿಗೆ ಪಟ್ಟನೆ ನಿಂತಿತು. ಅವನು ‘ಫಾಲೋ’ ಒತ್ತಿ, ಆ ಫೋನ್ ಪಕ್ಕಕ್ಕಿಟ್ಟು, ಮುಂದಿನದನ್ನು ಎತ್ತಿಕೊಂಡ.

“ಮುನ್ನೂರ ನಲವತ್ತೂ ನಿಮ್ಮದೇ ಕೈವಾಡವಾ?”

ಅವನು ತೊದಲಿದ. ಸ್ಪೀಕರ್ ನೋಡಲು ಏನಾದರೂ ಹಾಕಲೇಬೇಕಲ್ಲ, ಒಳ್ಳೆಯ ದನಿಯಿದ್ದರೆ ಬೇಗ ಗೊತ್ತಾಗುತ್ತದೆ, ಫೋನಿನಲ್ಲಿ ಕಂಡರೆ ಜನ ಮುಂದೆ ಕೇಳಿಯಾರು ಎಂದೇನೇನೋ ಹೇಳಿದ. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದಿರಿ ಎಂದು ಅವಳು ಸಿಡಿದಳು. ಒಬ್ಬೊಬ್ಬರಿಗೂ ಫೋನ್ ಮಾಡಿ ಆ ‘ಫಾಲೋ’ ತೆಗೆಸಬೇಕು ಎಂದು ಅಪ್ಪಣೆ ಕೊಟ್ಟು ಹೊರಟಳು. ಚಾರ್ಜರ್ ಅಲ್ಲೇ ಉಳಿಯಿತು.

ನಾಲ್ಕು ದಿನ ಅವನು ಫೋನಿನಲ್ಲಿ ಬೈಸಿಕೊಳ್ಳುವುದು ಗೋಡೆಯಾಚೆಯಿಂದ ಕೇಳುತ್ತಲೇ ಇತ್ತು. ಸಂಖ್ಯೆ ದಿನದಿನಕ್ಕೂ ಇಳಿಯಿತು. ಐದನೇ ದಿನ ಒಂದು ಕಡೆ ನಿಂತುಬಿಟ್ಟಿತು. ಅವಳು ಮತ್ತೆ ಅವನ ಅಂಗಡಿಗೆ ನುಗ್ಗಿದಳು.

“ಇನ್ನೂ ಹನ್ನೆರಡು ಇದೆ.”

ಹನ್ನೊಂದು ಜನ ತೆಗೆಯುವುದಿಲ್ಲ ಎಂದರಂತೆ. ಬಸ್ ಡ್ರೈವರೊಬ್ಬ ಮುಂದಿನ ಕಂತು ಯಾವಾಗ ಎಂದು ಕೇಳಿದನಂತೆ. ನರ್ಸಮ್ಮ ಒಬ್ಬರು, ಒಳ್ಳೇದನ್ನ ತೆಗಿ ಅಂತೀಯಲ್ಲ, ಬುದ್ಧಿ ಇದೆಯಾ ಎಂದು ಗದರಿದರಂತೆ. ಹನ್ನೊಂದು ಜನ, ಅದೂ ಜಗಳವಾಡಿ ಉಳಿದವರು. ಇನ್ನು ನಿಲ್ಲಿಸುವ ಮಾತೇ ಇರಲಿಲ್ಲ.

“ಹನ್ನೆರಡನೆಯವರು?”

“ಅವನಿಗೂ ಹೇಳಿ ನೋಡ್ದೆ,” ಎಂದ. “ಹತ್ತೊಂಬತ್ತು ಕಂತೂ ಬಾಯಿಪಾಠ ಅವನಿಗೆ. ನೀವಂದ್ರೆ ತುಂಬಾ ಇಷ್ಟ ಅಂತೆ. ಏನೇ ಆದ್ರೂ ತೆಗೆಯಲ್ಲ ಅಂದ.”

ಅವನ ಕಿವಿಗಳು ಕೆಂಪಾಗಿದ್ದವು. ಅವಳಿಗೆ ನಗು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು.

“ಇಷ್ಟು ಹೇಳೋಕೆ ನಿಮಗೆ ಮುನ್ನೂರು ಜನರ ಫೋನ್ ಬೇಕಾಯ್ತಾ?” ಎಂದು ರೇಗಿದಳು. ರೇಗುತ್ತಲೇ ಸ್ಟೂಲು ಎಳೆದುಕೊಂಡು ಅವನ ಪಕ್ಕದಲ್ಲಿ ಕೂತಳು.