ಅಳತೆರಾಯನ ಅರ್ಧ ಮಾತು

"ನನ್ನ ಸಿಲಿಂಡರ್ ಹಾಳು ಮಾಡಿದ್ದು ನೀವೇನಾ?"

ಲೇತ್ ಮಿಷನ್ನಿನ ಸದ್ದಿನ ಮೇಲೂ ಆ ಮಾತು ಖಣ್ಣನೆ ಕೇಳಿಸಿತು. ಸುರುಳಿ ಸುರುಳಿಯಾಗಿ ಏಳುತ್ತಿದ್ದ ಕಬ್ಬಿಣದ ಎಳೆಗಳನ್ನೇ ನೋಡುತ್ತಿದ್ದ ಅವನು ತಲೆ ಎತ್ತಿದ.

ಬಾಗಿಲಲ್ಲಿ ಅವಳು! ಕೆನ್ನೆಗೆ ಗ್ರೀಸ್, ತಲೆಗೆ ಸುತ್ತಿದ ಹಳೇ ದುಪಟ್ಟಾ, ಎದೆಗೆ ಮಗುವಿನಂತೆ ಅಪ್ಪಿಕೊಂಡಿದ್ದ ಸ್ಕೂಟರ್ ಸಿಲಿಂಡರ್. ಕಣ್ಣಲ್ಲಿ ಮಾತ್ರ ಬೆಂಕಿ.

ಅವನು ಮಿಷನ್ ನಿಲ್ಲಿಸಿದ. ಕೈ ಒರೆಸಿಕೊಂಡ. ಅವಳ ಕೈಯಿಂದ ಸಿಲಿಂಡರ್ ತೆಗೆದುಕೊಂಡು ಬಟ್ಟೆಯಿಂದ ಒಳಗೆಲ್ಲ ಒರೆಸಿ, ಅಳತೆ ಕಡ್ಡಿ ಇಳಿಸಿ, ಮೇಲೆ ನೋಡಿದ, ಮಧ್ಯ ನೋಡಿದ, ಕೆಳಗೆ ನೋಡಿದ. ಅವಳಿಗೋ ಒಂದೊಂದು ಕ್ಷಣವೂ ಯುಗ!

"ಸರಿ ಇದೆ," ಎಂದ.

"ಅಷ್ಟೇನಾ?"

"ಅಷ್ಟೇ."

"ಹಾಗಾದ್ರೆ ಗಾಡಿ ಯಾಕೆ ಸ್ಟಾರ್ಟ್ ಆಗ್ತಿಲ್ಲ? ನೀವು ಇದರ ಬೋರ್ ಕೊರೆದು ದೊಡ್ಡದು ಮಾಡಿಕೊಟ್ಟ ಮೇಲೆ ಒಂದು ಸಲಾನೂ ಉಸಿರೆತ್ತಿಲ್ಲ ಅದು!"

"ಗಾಡಿ ನೋಡದೆ ಹೇಳೋಕಾಗಲ್ಲ."

"ನೋಡೋಕೆ ನಾನಿದೀನಿ! ನಾನೂ ಮೆಕ್ಯಾನಿಕ್ಕೇ!"

ಬಿರುಗಾಳಿಯಂತೆ ಬಂದವಳು ಬಿರುಗಾಳಿಯಂತೆ ಹೋದಳು. ಸಿಲಿಂಡರ್ ಅವನ ಕೈಯಲ್ಲೇ ಉಳಿಯಿತು.

ಆ ಬೀದಿಯವರೆಲ್ಲ ಅವನನ್ನು 'ಅಳತೆರಾಯ' ಅನ್ನುತ್ತಿದ್ದರು. ಕಬ್ಬಿಣ ಅಳೆಯುವುದು ಸರಿ, ಮಾತನ್ನೂ ಅಳೆದು ತೂಗಿಯೇ ಆಡುತ್ತಿದ್ದ. ಅಂಥವನು ಆ ಸಂಜೆಯೆಲ್ಲ ಆ ಸಿಲಿಂಡರನ್ನು ಕಾರಣವೇ ಇಲ್ಲದೆ ಮತ್ತೆ ಮತ್ತೆ ಅಳೆದ. ಕಣ್ಣ ಮುಂದೆ ಮಾತ್ರ ಗ್ರೀಸ್ ಹತ್ತಿದ ಆ ಕೆನ್ನೆ...

* * *

ಅವಳ ಗ್ಯಾರೇಜು ಮನೆಯ ಮುಂಭಾಗದಲ್ಲೇ ಇತ್ತು. ಗ್ಯಾರೇಜಿಗೂ ಅಡುಗೆಮನೆಗೂ ನಡುವಿನ ಬಾಗಿಲ ಬಳಿ, ಗಾಲಿಕುರ್ಚಿಯಲ್ಲಿ ಅಪ್ಪ.

ಒಂದು ಕಾಲದಲ್ಲಿ ಇಡೀ ಊರಿನ ಸ್ಕೂಟರುಗಳಿಗೆ ಅಪ್ಪನೇ ವೈದ್ಯ. ಮನೆ ಮುಂದೆ ಹಾದುಹೋದ ಗಾಡಿಯ ಸದ್ದು ಕೇಳಿಯೇ, "ಪ್ಲಗ್ ಹೋಗಿದೆ ನೋಡು ಗುಬ್ಬಿ," ಅನ್ನುತ್ತಿದ್ದರು. ಗುಬ್ಬಿ ಅಂದರೆ ಅವಳು, ಅಪ್ಪನ ಕಿರಿ ಮಗಳು.

ಲಕ್ವ ಹೊಡೆದ ಮೇಲೆ ಅಪ್ಪನ ಬಲಗೈ, ಬಲಗಾಲು ಸೋತವು. ಅದಕ್ಕಿಂತ ಹೆಚ್ಚು ಸೋತದ್ದು ನಾಲಿಗೆ. ಮನಸ್ಸಲ್ಲಿ ಹತ್ತು ಮಾತು ಎದ್ದರೆ ಬಾಯಿಗೆ ಅರ್ಧ ಬರುತ್ತಿತ್ತು.

ಬೀದಿಯೆಲ್ಲ ಮೆಟ್ಟಿಲು, ಗುಂಡಿ. ಕುರ್ಚಿ ಹೋಗದು. ಬಾಡಿಗೆ ಕಾರಿಗೆ ಹತ್ತಿಸಲು ಹೋದರೆ ಕಾಲು ಮಡಚದೆ ಅಪ್ಪ ನೋವಿಗೆ ನರಳುತ್ತಿದ್ದರು. ಕೊನೆಗೆ ಆಸ್ಪತ್ರೆ ಬಿಟ್ಟರೆ ಆ ಬಾಗಿಲೇ ಅವರ ಪ್ರಪಂಚ ಆಗಿಬಿಟ್ಟಿತು.

ಆಗ ಗುಬ್ಬಿಗೆ ಹೊಳೆದಿತ್ತು: ಅಪ್ಪನ ಹಳೇ ಸ್ಕೂಟರ್! ಅದರ ಪಕ್ಕಕ್ಕೊಂದು ಸೈಡ್‌ಕಾರ್ ಸೇರಿಸಿದಳು. ಕುರ್ಚಿಯಿಂದ ಹಾಗೇ ಜರುಗಿ ಕೂರುವಂತೆ ಒಂದು ಮಗ್ಗುಲು ಪೂರಾ ತೆರೆಯುವ ಬಾಗಿಲು, ಕಾಲು ಚಾಚಲು ಉದ್ದ ಜಾಗ. ಆದರೆ ಅಷ್ಟು ಭಾರ ಎಳೆಯಲು ಹಳೇ ಇಂಜಿನ್‌ಗೆ ಶಕ್ತಿ ಸಾಲದು. ಅದಕ್ಕೇ ಸಿಲಿಂಡರಿನ ಬೋರ್, ಅಂದರೆ ಒಳತೂತು, ದೊಡ್ಡದು ಮಾಡಿಸಿ, ದೊಡ್ಡ ಪಿಸ್ಟನ್, ದೊಡ್ಡ ಕಾರ್ಬೊರೇಟರ್ ಹಾಕಿದ್ದಳು.

ಎಲ್ಲ ಆಯಿತು... ಗಾಡಿ ಮಾತ್ರ ಸ್ಟಾರ್ಟ್ ಆಗಲಿಲ್ಲ.

"ಭಾನುವಾರ ಬರ್ತಿದೀನಿ," ಅಂತ ಅಕ್ಕ ಫೋನಿನಲ್ಲಿ ಹೇಳಿಯಾಗಿತ್ತು. "ಅಪ್ಪನ್ನ ನಮ್ಮನೆಗೆ ಕರ್ಕೊಂಡು ಹೋಗ್ತೀನಿ. ನಮ್ಮದು ಗ್ರೌಂಡ್ ಫ್ಲೋರ್ ಮನೆ, ಮುಂದೆ ಪಾರ್ಕಿದೆ. ಅಲ್ಲಿ ನಾಕು ಜನರ ಮುಖ ಆದ್ರೂ ನೋಡ್ತಾರೆ."

"ಅಕ್ಕ, ಗಾಡಿ ರೆಡಿ ಆಗ್ತಿದೆ! ನಾನೇ ಸುತ್ತಾಡಿಸ್ತೀನಿ!"

"ಆ ಗುಜರಿ ಸ್ಟಾರ್ಟ್ ಆದ್ರೆ ನನ್ನ ಕಿವಿ ಕತ್ತರಿಸಿ ಕೊಡ್ತೀನಿ ಕಣೆ."

ಅಕ್ಕ ಕೆಟ್ಟವಳಲ್ಲ. ಅದೇ ಕಷ್ಟ! ಕೆಟ್ಟವಳಾಗಿದ್ದರೆ ಜಗಳ ಆಡಬಹುದಿತ್ತು. ಅವಳ ಮಾತಲ್ಲಿ ನ್ಯಾಯ ಇತ್ತು. ಆದರೆ ಅಪ್ಪ ಇಲ್ಲದ ಈ ಗ್ಯಾರೇಜು... ಗುಬ್ಬಿಗೆ ನೆನೆಯಲೂ ಆಗದು.

* * *

ಮರುದಿನ ಬೆಳಿಗ್ಗೆ ಬಾಗಿಲಲ್ಲಿ ನೆರಳು ಬಿತ್ತು. ಕೈಯಲ್ಲಿ ಪೇಪರ್ ಸುತ್ತಿದ ಸಿಲಿಂಡರ್ ಹಿಡಿದು ಅಳತೆರಾಯ ನಿಂತಿದ್ದ.

"ಮರೆತು ಬಂದಿದ್ರಿ."

ಅವಳ ಕಿವಿ ಕೆಂಪಾಯಿತು. "ಥ್ಯಾಂಕ್ಸ್... ಅಲ್ಲಿಡಿ."

ಅವನು ಇಟ್ಟ. ಆದರೆ ಹೋಗಲಿಲ್ಲ. ಸೈಡ್‌ಕಾರನ್ನೇ ನೋಡುತ್ತ ನಿಂತ. ಬಾಗಿಲ ತಿರುಗಣಿ, ಕಾಲು ಇಡುವ ಮೆತ್ತೆ, ಸೋತ ಕೈ ಜಾರದಂತೆ ಕಟ್ಟಿದ್ದ ಪಟ್ಟಿ... ಒಂದೊಂದನ್ನೂ ನೋಡಿದ. ಆಮೇಲೆ ಬಾಗಿಲ ಬಳಿ ಕೂತಿದ್ದ ಅಪ್ಪನ ಕಡೆ ನೋಡಿದ. ಅವನಿಗೆ ಎಲ್ಲ ಅರ್ಥವಾಯಿತು.

"ಯಜಮಾನ್ರೇ, ನಮಸ್ಕಾರ," ಎಂದು ಬಗ್ಗಿ, ಅಪ್ಪನ ಎಡಗೈಯನ್ನೇ ಹಿಡಿದುಕೊಂಡ.

ಬಂದವರೆಲ್ಲ ಅಪ್ಪನ ಬಲಗೈ ಹುಡುಕಿ ಮುಜುಗರಪಡುತ್ತಿದ್ದರು. ಇವನು ಹೇಗೆ ಎಡಗೈ ಹಿಡಿದ? ಗುಬ್ಬಿಯ ಸಿಟ್ಟು ಅರ್ಧ ಇಳಿಯಿತು. ಅರ್ಧ ಮಾತ್ರ!

"ಇಷ್ಟು ದೂರ ಬಂದಿದೀರಿ. ನೋಡಿಯೇ ಹೋಗಿ," ಎಂದಳು.

ಇಬ್ಬರೂ ಸೇರಿ ಸಿಲಿಂಡರ್ ಕೂರಿಸಿದರು. ಅವಳು ಪ್ಲಗ್ ಬಿಚ್ಚಿ ಇಂಜಿನ್ನಿಗೆ ತಾಗಿಸಿ ಹಿಡಿದಳು, ಅವನು ಕಿಕ್ ಹೊಡೆದ. ನೀಲಿ ಕಿಡಿ ಚಟ್ಟೆಂದಿತು.

"ಕರೆಂಟ್ ಬರ್ತಿದೆ," ಎಂದ ಅವನು.

"ಪ್ಲಗ್ ಒದ್ದೆ ಇದೆ. ಪೆಟ್ರೋಲೂ ಬರ್ತಿದೆ."

ಪ್ಲಗ್ಗಿನ ತೂತಿಗೆ ಅವನು ಹೆಬ್ಬೆರಳಿಟ್ಟ, ಅವಳು ಕಿಕ್ ಹೊಡೆದಳು. ಗಾಳಿ ಅವನ ಬೆರಳನ್ನು ಫಟ್ಟನೆ ಎಸೆಯಿತು. "ಕಂಪ್ರೆಷನ್... ಅಬ್ಬಾ, ಗೂಳಿ ಥರ ಇದೆ!"

ಅವಳು ನಕ್ಕುಬಿಟ್ಟಳು. 'ಅಯ್ಯೋ, ಇವನ ಮೇಲೆ ನಾನು ಸಿಟ್ಟಾಗಿರಬೇಕಿತ್ತಲ್ಲ!'

ಎಲ್ಲ ಇದ್ದರೂ ಗಾಡಿ ಏಳಲಿಲ್ಲ. ಕಿಕ್ ಹೊಡೆದಾಗಲೆಲ್ಲ ಕಾರ್ಬೊರೇಟರ್ ಕಡೆಯಿಂದ 'ಭಫ್' ಎಂದು ಹೊಗೆ ಉಗುಳುತ್ತಿತ್ತು, ಕಿಕ್ಕರ್ ತಿರುಗಿ ಒದೆಯುತ್ತಿತ್ತು. ಹಾಗಾದಾಗಲೆಲ್ಲ ಅಪ್ಪ ಕುರ್ಚಿಯಿಂದ ಮುಂದೆ ಬಾಗಿ, "ಕೀ... ಕೀ..." ಅನ್ನುತ್ತಿದ್ದರು.

"ಕೀ ಆನ್ ಮಾಡಿದೀನಿ ಅಪ್ಪ. ನೋಡಿ, ಇಲ್ಲೇ ಇದೆ."

ಅಪ್ಪ ತಲೆ ಅಡ್ಡಡ್ಡ ಆಡಿಸಿ, ಸೋತು ಹಿಂದಕ್ಕೆ ಒರಗುತ್ತಿದ್ದರು.

"ಪಾಪ, ಅವರು ಕೇಳ್ತಿರೋದು ಮನೆ ಕೀ ಕಣೆ," ಅಂದಿದ್ದಳು ಫೋನಿನಲ್ಲಿ ಅಕ್ಕ. "ಹೊರಗೆ ಹೋಗಬೇಕು ಅನ್ಸಿದೆ ಅವರಿಗೆ." ಆ ಮಾತು ಗುಬ್ಬಿಯ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು.

ಮುಂದೆ ದಿನವೂ ಕೆಲಸ ಮುಗಿಸಿ ಅಳತೆರಾಯ ಬರತೊಡಗಿದ. ಕಾರ್ಬೊರೇಟರ್ ಬಿಚ್ಚಿದರು, ತೊಳೆದರು. ಹೊಸ ಪ್ಲಗ್ ಹಾಕಿದರು. ಸೈಲೆನ್ಸರ್ ಬಿಚ್ಚಿ ಮಸಿ ಕೆರೆದರು. ಗಾಡಿ ಜಪ್ಪಯ್ಯ ಅನ್ನಲಿಲ್ಲ. ಆದರೆ ಅಳತೆರಾಯನ ಮಾತು ಮಾತ್ರ ದಿನೇ ದಿನೇ ಉದ್ದವಾಗುತ್ತ ಹೋಯಿತು!

"ನೀವು ಟೀನೂ ಅಳೆದು ಕುಡಿತೀರಂತೆ, ನಿಜಾನಾ?"

"ನೀವು ಮಾಡಿದ್ದನ್ನ ಅಳೆಯಲ್ಲ. ಎಷ್ಟು ಕೊಟ್ಟರೂ ಕುಡಿತೀನಿ."

ಅವಳು ಸ್ಕೂಟರಿನ ಕಡೆ ತಿರುಗಿದಳು. ತುಟಿಯಂಚಿನ ನಗು ಅಪ್ಪನಿಗೆ ಮಾತ್ರ ಕಂಡಿತು.

* * *

ಶುಕ್ರವಾರ ಅವಳ ಕೈಯೆಲ್ಲ ಆಯಿಲ್ ಆಗಿದ್ದಾಗ ಅಕ್ಕನ ಫೋನ್ ಬಂತು. ಅವನೇ ಎತ್ತಿದ. ಅಕ್ಕ ಏನೇನೋ ಹೇಳಿದಳು. "ನೀವು ಹೇಳೋದೂ ಸರಿನೇ ಅಕ್ಕ," ಎಂದ ಅವನು.

'ಸರಿನೇ?! ಯಾವುದು ಸರಿ? ಅಪ್ಪನ್ನ ಕರ್ಕೊಂಡು ಹೋಗೋದಾ?' ಗುಬ್ಬಿ ತುಟಿ ಕಚ್ಚಿದಳು. ಸರಸರ ಒಳಗೆ ನಡೆದಳು.

ಕೈ ತೊಳೆದು ಟೀ ಹಿಡಿದು ಬರುವಾಗ ಗ್ಯಾರೇಜಿನಿಂದ ಅವನ ದನಿ ಕೇಳಿಸಿತು. ಅಪ್ಪನ ಕುರ್ಚಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದ.

"ಈ ಗಾಡಿ ಸ್ಟಾರ್ಟ್ ಆಗದೇ ಇದ್ರೇನೇ ಒಳ್ಳೇದು ಅನ್ಸುತ್ತೆ ಯಜಮಾನ್ರೇ..."

ಗಾಜಿನ ಲೋಟ ಅವಳ ಕೈಯಿಂದ ಜಾರಿ ಒಡೆಯಿತು. ಇನ್ನೊಂದೇ ಉಸಿರು ತಡೆದು ನಿಂತಿದ್ದರೆ ಆ ಮಾತಿನ ಉಳಿದರ್ಧವೂ ಕೇಳುತ್ತಿತ್ತು!

"ಓಹೋ! ಅಕ್ಕನ ಜೊತೆ ಸೇರ್ಕೊಂಡು ನಾಟಕನಾ? ದಿನಾ ಬಂದು ರಿಪೇರಿ ಮಾಡೋ ಥರ ಮಾಡಿ, ಸ್ಟಾರ್ಟ್ ಆಗದ ಹಾಗೆ ನೋಡ್ಕೋತಿದೀರಾ?"

"ಅಲ್ಲ... ನಾನು ಹೇಳಿದ್ದು..."

"ಸಾಕು. ಹೋಗಿ. ಇನ್ನು ಬರಬೇಡಿ!"

ಅಳತೆರಾಯ ಅವಳ ಕಣ್ಣೀರನ್ನೇ ನೋಡುತ್ತ ನಿಂತ. ಆಮೇಲೆ ಒಡೆದ ಲೋಟದ ಚೂರುಗಳನ್ನು ಆಯ್ದು, ಅವಳ ಕಾಲಿಗೆ ಚುಚ್ಚದಂತೆ ಮೂಲೆಗಿಟ್ಟು, ತಲೆ ತಗ್ಗಿಸಿ ಹೊರಟುಹೋದ.

* * *

ಶನಿವಾರ ಅವಳು ಒಬ್ಬಳೇ ಕಿಕ್ ಹೊಡೆದಳು. ಸಿಟ್ಟಿನಿಂದ, ಹಟದಿಂದ... ಕೊನೆಗೆ ಅಳುವಿನಿಂದ.

ಭಫ್! ಕಿಕ್ಕರ್ ತಿರುಗಿ ಬಂದು ಮೊಣಕಾಲ ಕೆಳಗೆ ಬಡಿಯಿತು.

"ಅಮ್ಮಾ!" ನೆಲಕ್ಕೆ ಕುಸಿದಳು. ನೋವಿಗಿಂತ ಹೆಚ್ಚಾಗಿ ನಿನ್ನೆಯದಕ್ಕೆ ಅಳು ಉಕ್ಕಿತು. ಬಿಕ್ಕಿ ಬಿಕ್ಕಿ ಅತ್ತಳು.

ಗಾಲಿಯ ಕಿರಗುಟ್ಟುವಿಕೆ... ಎಡಗೈ ಒಂದರಿಂದಲೇ ಕುರ್ಚಿ ತಳ್ಳಿಕೊಂಡು ಅಪ್ಪ ಬರುತ್ತಿದ್ದರು! ಅಡ್ಡಾದಿಡ್ಡಿ ತಿರುಗಿ, ಗೋಡೆಗೆ ತಾಗಿ, ಹೇಗೋ ಅವಳ ಬಳಿ ತಲುಪಿದರು. ಅವಳ ತಲೆ ಸವರಿದರು. ಆಮೇಲೆ ಅವಳ ಬೆರಳು ಹಿಡಿದು ಇಂಜಿನ್ನಿನ ಮಗ್ಗುಲಿಗೆ, ಕಿಡಿ ಹುಟ್ಟಿಸುವ ಮ್ಯಾಗ್ನೆಟ್ಟಿನ ದುಂಡು ಮುಚ್ಚಳದ ಮೇಲೆ ಒತ್ತಿದರು.

"ಕೀ..."

ಹೆಬ್ಬೆರಳು, ತೋರುಬೆರಳು ಸೇರಿಸಿ ಚಿಕ್ಕದೊಂದು ಅರ್ಧಚಂದ್ರದ ಆಕಾರ ತೋರಿಸಿದರು.

ಗುಬ್ಬಿಯ ಅಳು ತಟ್ಟನೆ ನಿಂತಿತು. "ಅಯ್ಯೋ ಅಪ್ಪ... ಮ್ಯಾಗ್ನೆಟ್ ಕೀ?!"

ಅಪ್ಪನ ಕಣ್ಣಲ್ಲಿ ನೀರು. ಹೌದು ಹೌದು ಎಂದು ತಲೆ ಆಡಿಸಿದರು.

ಮ್ಯಾಗ್ನೆಟ್ಟಿನ ಚಕ್ರವನ್ನು ಶಾಫ್ಟಿಗೆ ಹಿಡಿದಿಡುವ ಪುಟ್ಟ ಕಬ್ಬಿಣದ ಚೂರು ಅದು. ಅದು ತುಂಡಾದರೆ ಚಕ್ರ ಒಂದಿಷ್ಟು ಜಾರಿ, ಕಿಡಿ ಹೊತ್ತಲ್ಲದ ಹೊತ್ತಿಗೆ ಹಾರುತ್ತದೆ. ಕರೆಂಟ್ ಇದ್ದೂ, ಪೆಟ್ರೋಲ್ ಇದ್ದೂ ಗಾಡಿ ಏಳದು. ತಿರುಗಿ ಒದೆಯುತ್ತದೆ!

ಮುಚ್ಚಳ ಬಿಚ್ಚಿ, ಚಕ್ರ ಎಳೆದು ತೆಗೆದಳು. ಕೀ ಎರಡು ತುಂಡು! ಮ್ಯಾಗ್ನೆಟ್ ಕೂರಿಸುವಾಗ ನಟ್ ಬಿಗಿ ಮಾಡಿದ್ದು ಅವಳೇ, ಅದೂ ಅವಸರದಲ್ಲಿ, ಸಡಿಲವಾಗಿ. ದೊಡ್ಡ ಪಿಸ್ಟನ್ನಿನ ಒದೆತ ಆ ಪುಟ್ಟ ಕೀ ತಡೆದೀತೇ? ಇಷ್ಟು ದಿನ ಅಪ್ಪ ಸದ್ದು ಕೇಳಿಯೇ ಹೇಳುತ್ತಿದ್ದರು. ತಪ್ಪು ಬೋರಿನದಲ್ಲ... ಅವನದಲ್ಲ...

ಹಾಗಾದರೆ ನಿನ್ನೆಯ ಮಾತು?

"ಅಪ್ಪ... ಅವರು ನಿನ್ನೆ ನಿಮ್ಮ ಹತ್ರ ಏನು ಹೇಳ್ತಿದ್ರು?"

ಅಪ್ಪ ನಕ್ಕರು. ಸೊಟ್ಟ ತುಟಿಯ, ತುಂಬು ನಗೆ. "ಹೋ... ಗು. ಕೇ... ಳು."

* * *

ಲೇತ್ ಅಂಗಡಿಯಲ್ಲಿ ಅವನು ತಲೆ ಎತ್ತಿದಾಗ ಅವಳು ತುಂಡಾದ ಕೀ ಹಿಡಿದು ನಿಂತಿದ್ದಳು. ಕಣ್ಣಲ್ಲಿ ಬೆಂಕಿ ಇರಲಿಲ್ಲ.

"ತಪ್ಪು ನಂದೇ. ನಟ್ ನಾನೇ ಸಡಿಲ ಬಿಟ್ಟಿದ್ದೆ. ನಿಮ್ಮನ್ನ ಅಂದಿದ್ದೂ ತಪ್ಪು... ಕ್ಷಮಿಸ್ತೀರಾ?"

ಅವನು ಅಂಗೈ ಚಾಚಿದ. ತುಂಡುಗಳನ್ನು ಜೋಡಿಸಿ ಬೆಳಕಿಗೆ ಹಿಡಿದ. "ಅಂಗಡಿಯಲ್ಲಿ ಸಿಗಲ್ಲ ಇದು, ಹಳೇ ಗಾಡಿದು. ಕೂತ್ಕೊಳ್ಳಿ, ಮಾಡಿಕೊಡ್ತೀನಿ."

ಗಟ್ಟಿ ಉಕ್ಕಿನ ಚೂರು ಕತ್ತರಿಸಿ, ಅರದಿಂದ ಉಜ್ಜತೊಡಗಿದ. ಅವಳು ಅವನ ಬೆರಳುಗಳನ್ನೇ ನೋಡುತ್ತ ಕೂತಳು.

"ನಿನ್ನೆ ಅಪ್ಪನ ಹತ್ರ ಹೇಳಿದ ಮಾತು... ಪೂರ್ತಿ ಹೇಳಿ."

ಅರ ನಿಂತಿತು. "ಈಗ ಬೇಡ."

"ಯಾಕೆ?"

"ಈಗ ಹೇಳಿದ್ರೆ ಕೈ ನಡುಗುತ್ತೆ. ಅಳತೆ ತಪ್ಪುತ್ತೆ."

ಅವಳು ಇನ್ನಷ್ಟು ಹತ್ತಿರ ಸರಿದು ಕೂತಳು.

* * *

ಭಾನುವಾರ ಅಕ್ಕ ಬಂದಿಳಿದಾಗ ಅಪ್ಪನ ಕುರ್ಚಿ ಖಾಲಿ! "ಅಪ್ಪ ಎಲ್ಲಿ?!" ಎಂದು ಕೂಗುವಷ್ಟರಲ್ಲಿ ಗ್ಯಾರೇಜಿನಿಂದ ಕಿಕ್ಕರಿನ ಸದ್ದು ಕೇಳಿತು.

ಒಂದು ಸಲ... ಏನಿಲ್ಲ. ಗುಬ್ಬಿ ಕಣ್ಣು ಮುಚ್ಚಿ ಮತ್ತೆ ತುಳಿದಳು.

ಟರ್ರ್... ಟರ್ರ್‌ರ್‌ರ್!

ನೀಲಿ ಹೊಗೆಯ ಮಧ್ಯೆ ಸೈಡ್‌ಕಾರಿನಲ್ಲಿ ಅಪ್ಪ, ಎಡಗೈ ಮೇಲೆತ್ತಿ ಗಹಗಹಿಸಿ ನಗುತ್ತಿದ್ದರು! ಅವರು ಹೀಗೆ ದನಿ ಎತ್ತಿ ನಕ್ಕು ಎಷ್ಟು ಕಾಲವಾಗಿತ್ತೋ. ಅಕ್ಕನ ಕೈಯಿಂದ ಬ್ಯಾಗು ಬಿತ್ತು. ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಕಿವಿ ಎಲ್ಲಿ ಅಕ್ಕಾ?" ಅಂದಳು ಗುಬ್ಬಿ.

"ಹೋಗೇ ಕತ್ತೆ!"

"ಹ... ತ್ತು," ಎಂದರು ಅಪ್ಪ ಅಕ್ಕನಿಗೆ, ಹಿಂದಿನ ಸೀಟು ತೋರಿಸಿ. ಅಕ್ಕ ಹತ್ತಿದಳು. ಹೊಳೆಯ ಸೇತುವೆಯವರೆಗೆ ಹೋದರು. ಅಪ್ಪ ನೀರು ನೋಡಿದರು, ಜನ ನೋಡಿದರು, ದಾರಿಯಲ್ಲಿ ಹಾದುಹೋದ ಒಂದು ಬೈಕಿನ ಸದ್ದು ಕೇಳಿ ಮುಖ ಕಿವುಚಿದರು. "ಪ್ಲ... ಗ್," ಎಂದರು. ಮಕ್ಕಳಿಬ್ಬರೂ ನಕ್ಕು ನಕ್ಕು ಅತ್ತರು.

ಸೇತುವೆಯ ಮೇಲೆ ಅಕ್ಕ ತಂಗಿಯ ಹೆಗಲು ಹಿಡಿದಳು. "ಅಪ್ಪ ಇಲ್ಲೇ ಇರ್ಲಿ ಕಣೆ. ನಾನೇ ತಿಂಗಳಿಗೊಂದು ಸಲ ಬರ್ತೀನಿ."

ತಿರುಗಿ ಬಂದಾಗ ಅಳತೆರಾಯ ಗ್ಯಾರೇಜಿನ ಬಾಗಿಲಲ್ಲೇ ಕಾಯುತ್ತಿದ್ದ. ಅಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಫೋನಲ್ಲಿ ನಾನು ಹೇಳಿದ್ದು ಇವರಿಗೇ ನೋಡು. 'ನನ್ನ ತಂಗಿ ಎಲ್ಲ ಒಬ್ಬಳೇ ಹೊತ್ಕೋತಾಳೆ, ಯಾರಾದ್ರೂ ಜೊತೆಗಿರಬೇಕು' ಅಂದೆ. ಸರಿನೇ ಅಂದ್ರು!" ಎಂದು, ಅಪ್ಪನನ್ನು ಕುರ್ಚಿಗೆ ಜರುಗಿಸಿ ತಳ್ಳಿಕೊಂಡು ಒಳಗೆ ನಡೆದಳು.

ಬಿಸಿ ಇಂಜಿನ್ನಿನ ಪಕ್ಕ ಇಬ್ಬರೇ ಉಳಿದರು.

"ಈಗ ಹೇಳಿ," ಎಂದಳು ಮೆಲ್ಲಗೆ. "ಈಗ ಕೈ ನಡುಗಿದ್ರೂ ಪರವಾಗಿಲ್ಲ."

ಅವನು ಉಸಿರೆಳೆದುಕೊಂಡ. "ಈ ಗಾಡಿ ಸ್ಟಾರ್ಟ್ ಆಗದೇ ಇದ್ರೇನೇ ಒಳ್ಳೇದು ಅನ್ಸುತ್ತೆ ಯಜಮಾನ್ರೇ... ಸ್ಟಾರ್ಟ್ ಆದ ದಿನ ನಿಮ್ಮ ಮಗಳನ್ನ ನೋಡೋಕೆ ನನಗೆ ನೆಪ ಇರಲ್ಲ... ಅಂದೆ."

ಅವಳ ಕಣ್ಣು ತುಂಬಿ ಬಂತು.

"ಈಗ ಸ್ಟಾರ್ಟ್ ಆಗಿಬಿಡ್ತು," ಎಂದ ಅವನು. "ನಾಳೆಯಿಂದ ಏನಂತ ಬರ್ಲಿ?"

"ನೆಪ ಇಲ್ಲದೇ ಬನ್ನಿ."

"ದಿನಾನಾ?"

"ದಿನಾ..." ಅವಳು ಅವನ ಕಡೆಗೆ ಒಂದು ಹೆಜ್ಜೆ ಇಟ್ಟಳು. ನಡುಗುತ್ತಿದ್ದ ಆ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು. "ಬನ್ನಿ ಅಲ್ಲ..."

"ಮತ್ತೆ?"

"ಬಾ."