ನಾಲಿಗೆಯ ಕೆಳಗೆ ಹತ್ತು ನಿಮಿಷ

ಅವರನ್ನು ಮೊದಲು ನೋಡಿದ ದಿನ ನನಗೆ ಬಂದ ಸಿಟ್ಟಿಗೆ ನಾಲ್ಕು ಬೈಗುಳ ಸಾಲುತ್ತಿರಲಿಲ್ಲ. ಆದರೆ ಒಂದನ್ನೂ ಬೈಯಲಾಗಲಿಲ್ಲ. ನನ್ನ ನಾಲಿಗೆಯ ಕೆಳಗೆ ಮಾತ್ರೆ ಇತ್ತು. ಅವರ ನಾಲಿಗೆಯ ಕೆಳಗೂ ಇತ್ತು.

ಚಟ ಬಿಡಿಸುವ ಆ ಕೇಂದ್ರದಲ್ಲಿ ದಿನಾ ಬೆಳಗ್ಗೆ ಏಳಕ್ಕೆ ಕಿಟಕಿಯ ಮುಂದೆ ಸಾಲು ನಿಲ್ಲಬೇಕಿತ್ತು. ಸಿಸ್ಟರ್ ನಾಲಿಗೆಯ ಕೆಳಗೆ ಮಾತ್ರೆ ಇಡುತ್ತಿದ್ದರು. ನುಂಗುವ ಹಾಗಿಲ್ಲ, ಅಗಿಯುವ ಹಾಗಿಲ್ಲ, ಮಾತಾಡುವ ಹಾಗಂತೂ ಇಲ್ಲವೇ ಇಲ್ಲ. ಅದು ತಾನಾಗಿ ಕರಗುವವರೆಗೆ ಹತ್ತು ನಿಮಿಷ ಎದುರುಬದುರು ಬೆಂಚುಗಳ ಮೇಲೆ ತುಟಿ ಬಿಗಿದು ಕೂರಬೇಕು. ಆಮೇಲೆ ಸಿಸ್ಟರ್ ಟಾರ್ಚ್ ಹಿಡಿದು ಬಂದು ನಾಲಿಗೆ ಎತ್ತಿಸಿ ನೋಡುತ್ತಿದ್ದರು.

ನಾನು ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಸೊಂಟನೋವಿಗೆ ಶುರುವಾದ ಇಂಜೆಕ್ಷನ್ ನೋವು ಹೋದ ಮೇಲೂ ನನ್ನನ್ನು ಬಿಡಲಿಲ್ಲ. ಆರು ವರ್ಷ ತಿಂದು ಹಾಕಿತು. ಗಂಡ ಅನ್ನಿಸಿಕೊಂಡವನು ಅದಕ್ಕೂ ಮೊದಲೇ ಹೋಗಿದ್ದ, ಅವನ ಮಾತು ಇಲ್ಲಿ ಬೇಡ. ನನ್ನನ್ನು ಎಳೆದು ತಂದು ಆ ಸಾಲಿನಲ್ಲಿ ನಿಲ್ಲಿಸಿದವಳು ಅಕ್ಕ.

ಆ ದಿನ ಉದ್ದನೆಯ ಮನುಷ್ಯರೊಬ್ಬರು ಎಲ್ಲಿಂದಲೋ ಬಂದು ಸೀದಾ ನನ್ನ ಮುಂದೆ ಹೋಗಿ ಕಿಟಕಿಗೆ ಬಾಯಿ ಒಡ್ಡಿದರು. ಬೈಯಲು ಬಾಯಿ ತೆರೆದದ್ದೇ ಸಿಸ್ಟರ್ ನನಗೂ ಮಾತ್ರೆ ಇಟ್ಟುಬಿಟ್ಟರು. ನಾನು ಬರುವಷ್ಟರಲ್ಲಿ ಆಸಾಮಿ ಬೆಂಚಿನ ಮೇಲೆ ಕೂತಾಗಿತ್ತು. ಎದುರು ಬೆಂಚಿನಲ್ಲಿ ಕೂತು ಸುಟ್ಟುಬಿಡುವ ಹಾಗೆ ನೋಡಿದೆ. ಅವರು ತಿರುಗಿ ಹಿಂದೆ ನೋಡಿದರು. ಅಲ್ಲಿ ಗೋಡೆ ಬಿಟ್ಟರೆ ಯಾರೂ ಇರಲಿಲ್ಲ. ಎದೆಯ ಮೇಲೆ ಬೆರಳಿಟ್ಟು ಹುಬ್ಬೇರಿಸಿದರು: ನಾನಾ? ಎಡಹುಬ್ಬಿನ ನಡುವೆ ಹಳೆಯ ಗಾಯದ ಗೀರು, ಅಲ್ಲಿ ಕೂದಲಿರಲಿಲ್ಲ. ನಾಲ್ಕನೇ ನಿಮಿಷಕ್ಕೆ ಅವರ ಎಡಗಣ್ಣು ಫಕ್ಕನೆ ಮುಚ್ಚಿ ತೆರೆಯಿತು. ಕಣ್ಣು ಹೊಡೆದರೆಂದು ನನ್ನ ಸಿಟ್ಟು ನೆತ್ತಿಗೇರಿತು.

ಸಿಟ್ಟನ್ನು ಬಾಯಲ್ಲಿಟ್ಟುಕೊಂಡು ಹತ್ತು ನಿಮಿಷ ಕೂರುವುದು ಸುಲಭವಲ್ಲ. ಆರನೇ ನಿಮಿಷಕ್ಕೆ ಅದು ತಣ್ಣಗಾಯಿತು. ಎಂಟನೇ ನಿಮಿಷಕ್ಕೆ ನನಗೇ ನಗು ಬರುವಂತಾಯಿತು. ಸಿಸ್ಟರ್ ಟಾರ್ಚ್ ಹಾಕಿ ಬಿಟ್ಟ ಕೂಡಲೇ ಅವರು ನನ್ನ ಮುಂದೆ ಬಂದು ಕೈಕಟ್ಟಿ ನಿಂತರು.

"ಈಗ ಬೈಯಿರಿ."

ಒಂದು ಬೈಗುಳವೂ ನೆನಪಾಗಲಿಲ್ಲ. ಸಾಲಿನಲ್ಲಿ ಅವರೇ ಮೊದಲಿದ್ದರಂತೆ. ಕಿಟಕಿಯ ಚಿಲಕ ಸಿಕ್ಕಿಕೊಂಡಿತೆಂದು ಸ್ಕ್ರೂಡ್ರೈವರ್ ತರಲು ಸಿಸ್ಟರೇ ಓಡಿಸಿದ್ದರಂತೆ. ಕಣ್ಣು ಹೊಡೆದದ್ದು ಯಾಕೆ ಎಂದು ಕೇಳಿದ್ದಕ್ಕೆ, ಕಹಿ ಗಂಟಲಿಗಿಳಿದರೆ ಅದು ತಾನೇ ಹಾಗೆ ಮಾಡುತ್ತದೆ, ನಾಳೆಯೂ ನೋಡಿ ಎಂದರು. ಮರುದಿನ ನೋಡಿದೆ. ನಾಲ್ಕನೇ ನಿಮಿಷಕ್ಕೆ ಸರಿಯಾಗಿ. ಆಮೇಲೆ ದಿನಾ ನೋಡಿದೆ.

ಅವರು ಲಿಫ್ಟ್ ರಿಪೇರಿಯವರು. ಲಿಫ್ಟಿನ ಗುಂಡಿಗೆ ಬಿದ್ದು ಬೆನ್ನು ಮುರಿದುಕೊಂಡಿದ್ದರು. ಅಲ್ಲಿಂದ ಮುಂದಿನದು ನನ್ನ ಕಥೆಯೇ. ನಾನು ಅವರಿಗೆ ಇಸ್ತ್ರಿ, ಅವರು ನನಗೆ ಲಿಫ್ಟು.

ಗುರುವಾರ ಸಂಜೆ ಕೇಂದ್ರದಲ್ಲಿ ಹನ್ನೊಂದು ಜನ ಸುತ್ತ ಕೂತು ಮಾತಾಡುತ್ತಿದ್ದೆವು. ನಮ್ಮಲ್ಲೊಬ್ಬರು ಲೆಕ್ಕದ ಮೇಷ್ಟ್ರು. ಯಾರು ಎಷ್ಟು ದಿನದಿಂದ ಚಟ ಮುಟ್ಟಿಲ್ಲ ಎಂದು ಬೋರ್ಡಿನ ಮೇಲೆ ಅವರೇ ಬರೆಯುತ್ತಿದ್ದರು. ಎಡವಿ ಸೊನ್ನೆಗೆ ಬಂದವರ ಸೊನ್ನೆಯನ್ನೂ ದುಂಡಗೆ, ಮರ್ಯಾದೆಯಿಂದ ಬರೆಯುತ್ತಿದ್ದರು.

ಮಹಾಮಾರಿ ಬಂದು ಎಲ್ಲಕ್ಕೂ ಬೀಗ ಬಿತ್ತು. ಬೆಂಚುಗಳನ್ನು ಒಂದರ ಮೇಲೊಂದು ಪೇರಿಸಿದರು. ದಿನಕ್ಕೊಂದು ಮಾತ್ರೆ ಕೊಡುತ್ತಿದ್ದವರು ವಾರದ ಸ್ಟ್ರಿಪ್ಪನ್ನೇ ಕೈಗಿಟ್ಟು ಮನೆಗೆ ಕಳಿಸಿದರು. ಗುರುವಾರದ ಸಭೆ ಫೋನಿಗೆ ಹೋಯಿತು. ಒಬ್ಬರ ಮನೆಯಲ್ಲಿ ನೆಟ್‌ವರ್ಕ್ ಇಲ್ಲ, ಇನ್ನೊಬ್ಬರ ಮನೆಯಲ್ಲಿ ಕೂತು ಮಾತಾಡಲು ಜಾಗ ಇಲ್ಲ. ಹನ್ನೊಂದು ಜನ ಆರಾದೆವು.

ಟಾರ್ಚ್ ಹಾಕಿ ನೋಡುವವರು ಯಾರು? ಕೌನ್ಸೆಲರ್ ಮೇಡಂ ನಮ್ಮನ್ನೇ ಜೋಡಿ ಮಾಡಿದರು. ಬೆಳಗ್ಗೆ ಏಳಕ್ಕೆ ಇಬ್ಬರೂ ವೀಡಿಯೋ ಕಾಲ್‌ನಲ್ಲಿ ಒಟ್ಟಿಗೆ ಮಾತ್ರೆ ಇಟ್ಟುಕೊಂಡು, ಹತ್ತು ನಿಮಿಷ ಒಬ್ಬರನ್ನೊಬ್ಬರು ಕಾಯಬೇಕು. ಕೊನೆಗೆ ನಾಲಿಗೆ ಎತ್ತಿ ತೋರಿಸಬೇಕು. ಜೋಡಿಯವರು ಮಾತ್ರೆ ತಪ್ಪಿಸಿದರೆ ಅವತ್ತೇ ಮೇಡಂಗೆ ಹೇಳಬೇಕು. ಮೇಷ್ಟ್ರಿಗೆ ನಮ್ಮ ಗುಂಪಿನ ಬೇಕರಿಯವನು ಜೋಡಿ. ನನಗೆ ಲಿಫ್ಟು. ನಾನು ಕೇಳಿಕೊಂಡಿರಲಿಲ್ಲ. ಮೇಡಂಗೆ ಕಣ್ಣಿದ್ದವು.

ಅಕ್ಕ ನನ್ನ ಸ್ಟ್ರಿಪ್ಪನ್ನು ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿಟ್ಟು ಬೀಗ ಹಾಕುತ್ತಿದ್ದಳು. ಬೆಳಗ್ಗೆ ಒಂದು ಮಾತ್ರೆ ಕತ್ತರಿಸಿ ಕೊಡುತ್ತಿದ್ದಳು. ಒಂದು ದಿನ ಕೊಡುವ ಮೊದಲು ನನ್ನ ಮುಖವನ್ನೇ ನೋಡಿದಳು.

"ಮಾತ್ರೆ ನುಂಗೋಕೆ ಕಾಡಿಗೆ ಯಾಕೇ ಬೇಕು ನಿನಗೆ?"

ನುಂಗೋದಲ್ಲ, ಕರಗಿಸೋದು ಎಂದೆ. ಹೌದಮ್ಮ, ಕರಗ್ತಾ ಇರೋದು ಕಾಣ್ತಾ ಇದೆ ಎಂದು ಭಾವ ಒಳಗಿನಿಂದಲೇ ಸೇರಿಸಿದರು.

ಫೋನನ್ನು ನಾನು ಇಸ್ತ್ರಿಪೆಟ್ಟಿಗೆಗೆ ಒರಗಿಸುತ್ತಿದ್ದೆ, ಅವರು ಗ್ರೀಸ್ ಡಬ್ಬಕ್ಕೆ. ಒಂದೇ ಕೋಣೆ ಅವರದು. ಹಗ್ಗದ ಮೇಲೆ ಎರಡು ಶರ್ಟು, ಒಂದರ ಕಾಲರ್ ಮುದುಡಿತ್ತು. ಅದನ್ನು ತೋರಿಸಿ ನಾನು ಹಣೆ ಚಚ್ಚಿಕೊಂಡೆ. ಮರುದಿನ ಅದನ್ನು ಹಾಸಿಗೆಯ ಕೆಳಗೆ ಮಡಿಸಿಟ್ಟು ಗೆರೆ ಮೂಡಿಸಿ, ತೊಟ್ಟುಕೊಂಡು ಬಂದು ಕೂತಿದ್ದರು. ಮಾತಿಲ್ಲ. ನಾಲ್ಕನೇ ನಿಮಿಷಕ್ಕೆ ಆ ಎಡಗಣ್ಣು. ಅಷ್ಟು ಸಾಕು, ಆ ದಿನದ ನೂರಾರು ಹಾಸಿಗೆ ಬಟ್ಟೆ ನನಗೆ ಭಾರ ಅನ್ನಿಸುತ್ತಿರಲಿಲ್ಲ. ಸತ್ತವರ ಬಟ್ಟೆ ಬೇರೆ ಚೀಲದಲ್ಲಿ ಬರುತ್ತಿತ್ತು. ಆ ಚೀಲಗಳು ದಿನದಿನಕ್ಕೆ ಹೆಚ್ಚಿದವು.

ಲಿಫ್ಟಿನವರಿಗೂ ಒಂದು ಆಸ್ಪತ್ರೆಯಲ್ಲೇ ಕೆಲಸ ಬಿತ್ತು. ಶವ ಇಳಿಸುವ ಲಿಫ್ಟ್ ಪದೇ ಪದೇ ಕೆಡುತ್ತಿತ್ತು. ಒಮ್ಮೆ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡಿತ್ತಂತೆ, ಒಳಗೆ ಮೂರು ಹೆಣ. ಅದನ್ನು ಹೇಳುವಾಗ ಗ್ರೀಸ್ ಡಬ್ಬದ ಮುಚ್ಚಳವನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದರು.

ಆ ವಾರವೇ ಒಂದು ಬೆಳಗ್ಗೆ ನಾಲ್ಕನೇ ನಿಮಿಷ ಬಂತು, ಹೋಯಿತು. ಎಡಗಣ್ಣು ಅಲುಗಲಿಲ್ಲ.

ಮಾತ್ರೆ ಕರಗದೆ ಕಹಿ ಇಳಿಯುವುದಿಲ್ಲ. ಅದನ್ನು ಕೆನ್ನೆಯ ಸಂದಿಯಲ್ಲಿ ಬಚ್ಚಿಡುವ ವಿದ್ಯೆ ನನಗೆ ಹೊಸದಲ್ಲ. ಮೊದಲ ವರ್ಷ ನಾನೇ ಮಾಡಿದ್ದೆ. ಅವರು ನಾಲಿಗೆ ಎತ್ತಿ ತೋರಿಸಿದರು. ಖಾಲಿ. ನಾನು ತಲೆಯಾಡಿಸಿ ಫೋನ್ ಇಟ್ಟೆ.

ಮರುದಿನವೂ ಹಾಗೇ. ಮೂರನೇ ದಿನವೂ ಹಾಗೇ.

ನಾನು ಬಾಯಿ ಬಿಡಲಿಲ್ಲ. ಹೇಳಿದರೆ ಅವರ ವಾರದ ಸ್ಟ್ರಿಪ್ ರದ್ದು, ಜೋಡಿ ರದ್ದು. ತಪ್ಪಿಸಿದವರಿಗೆ ಕೇಂದ್ರದ ಗೇಟಿನಲ್ಲಿ ಕಣ್ಣೆದುರೇ ಮಾತ್ರೆ ಕೊಡುತ್ತಿದ್ದರು. ದಿನಾ ಅಲ್ಲಿಗೆ ನಡೆದೇ ಹೋಗಬೇಕು, ಬಸ್ಸಿಲ್ಲ. ಅವರ ಬೆನ್ನು ತಡೆಯುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನನ್ನ ಹತ್ತು ನಿಮಿಷ ಹೋಗುತ್ತದೆಂಬ ಹೆದರಿಕೆ ಅದು. ಮಾತ್ರೆ ಬಿಟ್ಟ ಮೈ ಇಂಜೆಕ್ಷನ್ ಹುಡುಕಿಕೊಂಡು ಹೋಗುತ್ತದೆಂದು ಗೊತ್ತಿದ್ದೂ ಸುಮ್ಮನಿದ್ದೆ.

ನಾಲ್ಕನೇ ದಿನ ಬೆಳಗ್ಗೆ ಆರಕ್ಕೆ ಮೇಡಂ ಫೋನ್ ಮಾಡಿದರು. ಮೇಷ್ಟ್ರು ಹೋಗಿಬಿಟ್ಟಿದ್ದರು. ಜ್ವರದಿಂದಲ್ಲ. ತೋಳಲ್ಲಿ ಸೂಜಿ ಹಾಗೇ ಇತ್ತಂತೆ, ಬಾಗಿಲು ಒಡೆದಾಗ ಎರಡು ದಿನವಾಗಿತ್ತಂತೆ. ಮೇಷ್ಟ್ರು ಮಾತ್ರೆ ತಪ್ಪಿಸುತ್ತಿದ್ದದ್ದು ಬೇಕರಿಯವನಿಗೆ ಗೊತ್ತಿತ್ತು. ವಯಸ್ಸಾದವರು, ಅವಮಾನ ಯಾಕೆ ಮಾಡಲಿ ಎಂದು, ಅವರು ಕರೆ ತೆಗೆಯದ ಎರಡು ದಿನವೂ ಸುಮ್ಮನಿದ್ದನಂತೆ. ಹೇಳುತ್ತಾ ಹೇಳುತ್ತಾ ಮೇಡಂ ಅತ್ತರು.

ಏಳಕ್ಕೆ ಕರೆ ಬಂತು. ನಾನು ಮಾತ್ರೆಯನ್ನು ಅಂಗೈಯಲ್ಲೇ ಇಟ್ಟುಕೊಂಡೆ. ಮೇಷ್ಟ್ರ ಸುದ್ದಿ ಹೇಳಿದೆ. ಆಮೇಲೆ ಕೇಳಿದೆ.

"ಎಷ್ಟು ಕೂಡಿಟ್ಟಿದ್ದೀರಿ?"

ಅವರು ಸುಳ್ಳು ಹೇಳಲಿಲ್ಲ. ಮೂರು, ಎಂದರು. ಕೇಂದ್ರ ಪೂರ್ತಿ ಮುಚ್ಚುತ್ತದೆಂದು ಯಾರೋ ಹೇಳಿದ್ದರಂತೆ. ಹಾಗಾದ ದಿನಕ್ಕೆ ಇರಲಿ ಎಂದು ಎತ್ತಿಟ್ಟಿದ್ದರಂತೆ. ಡಬ್ಬದ ಮುಚ್ಚಳ ತೆಗೆದು ತೋರಿಸಿದರು, ಅಂಚು ಸವೆದ ಮೂರು ಮಾತ್ರೆ.

"ನಿನ್ನೆ ಸೂಜಿ ಮುಟ್ಟಿದ್ರಾ?"

ಅವರು ಶರ್ಟಿನ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡರು. ಅದೇ ಉತ್ತರ. ಆಮೇಲೆ ಕೇಳಿಕೊಂಡರು, ಹೇಳಬೇಡಿ, ಒಂದು ವಾರ ಕೊಡಿ, ಸರಿಹೋಗುತ್ತೇನೆ ಎಂದು. ಯಾರ ಹತ್ತಿರವೂ ಏನೂ ಬೇಡದ ಮನುಷ್ಯ.

"ಇವತ್ತೇ ಹೇಳ್ತೀನಿ," ಎಂದೆ. "ಬೇಕಾದ್ರೆ ನನ್ನ ಮುಖ ನೋಡಬೇಡಿ, ಜೀವಂತ ಇದ್ದು ನೋಡಬೇಡಿ."

ಫೋನ್ ಕಟ್ಟಾಯಿತು. ನಾನು ಮೇಡಂಗೆ ಹೇಳಿದೆ. ಹಿಂದಿನ ಮೂರು ದಿನದ್ದನ್ನೂ ಹೇಳಿದೆ. ಅವರು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

ಆಮೇಲೆ ಲಿಫ್ಟಿನವರು ನನ್ನ ಕರೆ ತೆಗೆಯಲಿಲ್ಲ. ಅವರ ಕೋಣೆಗೆ ಮೇಡಂ ಹೋಗಿ ಬಾಗಿಲ ಆಚೆಯಿಂದ ಮಾತಾಡಿಸಿ ಬಂದರು. ಗೇಟಿಗೆ ಬಾ ಎಂದು ಹೇಳಿದ್ದಾಯಿತು, ಎಳೆದು ತರಲು ನನ್ನಿಂದಾಗುವುದಿಲ್ಲ ಎಂದರು.

ಮರುದಿನ ನಾನು ಅಕ್ಕನಿಂದ ಸ್ಟ್ರಿಪ್ ಇಸಿದುಕೊಂಡು ಐದು ಗಂಟೆಗೇ ನಡೆದು ಹೊರಟೆ. ಗೇಟಿನಲ್ಲಿ ಟೇಬಲ್ ಹಾಕಿ ಸಿಸ್ಟರ್ ಕೂತಿದ್ದರು. ಉಳಿದ ಮಾತ್ರೆ ವಾಪಸ್ ಕೊಟ್ಟು, ಇನ್ನು ನನಗೂ ದಿನಾ ಇಲ್ಲೇ ಕೊಡಿ ಎಂದೆ. ನಿನ್ನದು ಸರಿಯಾಗೇ ನಡೀತಿದೆಯಲ್ಲ, ಹುಚ್ಚಾ ನಿನಗೆ ಎಂದರು. ಇರಬೇಕು ಎಂದೆ.

ಸುಣ್ಣದಲ್ಲಿ ಬರೆದ ವೃತ್ತದೊಳಗೆ ಕುರ್ಚಿ. ನನ್ನ ಎದುರು ಇನ್ನೊಂದು ವೃತ್ತ, ಅದರಲ್ಲೊಂದು ಖಾಲಿ ಕುರ್ಚಿ. ಹತ್ತು ನಿಮಿಷ ಅದನ್ನೇ ನೋಡಿದೆ. ಎರಡನೇ ದಿನವೂ ನೋಡಿದೆ. ಮೂರನೇ ದಿನ ಅದರಲ್ಲಿ ಬೇಕರಿಯವನು ಕೂತಿದ್ದ. ಕಣ್ಣು ಎತ್ತಲಿಲ್ಲ. ನಾಲ್ಕನೇ ದಿನ ಮತ್ತೆ ಖಾಲಿ. ಲಾಂಡ್ರಿಗೆ ಹೋದರೆ ಸತ್ತವರ ಚೀಲ ಬಿಚ್ಚಲು ಕೈ ಬರಲಿಲ್ಲ. ಮುದುಡಿದ ಕಾಲರಿನ ಶರ್ಟೊಂದು ಅದರೊಳಗಿಂದ ಬಂದುಬಿಟ್ಟರೆ?

ಐದನೇ ದಿನ ಅವರು ಬಂದರು. ಗೋಡೆ ಹಿಡಿದು ನಡೆಯುತ್ತಿದ್ದರು. ಮಾಸ್ಕಿನ ಮೇಲೆ ಕಣ್ಣು ಗುಳಿಬಿದ್ದಿದ್ದವು. ಕೂಡಿಟ್ಟಿದ್ದ ಮೂರು ಮಾತ್ರೆಗಳನ್ನು ಕಾಗದದಲ್ಲಿ ಸುತ್ತಿ ಸಿಸ್ಟರ್ ಮುಂದಿಟ್ಟರು. ನನ್ನನ್ನು ನೋಡಿದರು, ನೋಡದಂತೆ ಎದುರು ಕುರ್ಚಿಯಲ್ಲಿ ಕೂತರು.

ಇಬ್ಬರ ನಾಲಿಗೆಯ ಕೆಳಗೂ ಮಾತ್ರೆ. ಮೊದಲನೇ ನಿಮಿಷ ಅವರು ನೆಲ ನೋಡಿದರು. ಎರಡನೆಯದು ನೆಲ. ಮೂರನೆಯದಕ್ಕೆ ತಲೆ ಎತ್ತಿದರು. ಆ ನೋಟದಲ್ಲಿ ಸಿಟ್ಟಿತ್ತು, ಅಷ್ಟೂ ಸಿಟ್ಟು ನನ್ನ ಮೇಲೇ. ನಾನು ಕಣ್ಣು ತಪ್ಪಿಸಲಿಲ್ಲ. ನಾಲ್ಕನೇ ನಿಮಿಷ.

ಎಡಗಣ್ಣು ಫಕ್ಕನೆ ಮುಚ್ಚಿ ತೆರೆಯಿತು.

ನಾನು ಅತ್ತುಬಿಟ್ಟೆ. ಮಾಸ್ಕ್ ಒದ್ದೆಯಾಯಿತು. ಮಾತ್ರೆ ಹೊರಗೆ ಬಾರದ ಹಾಗೆ ತುಟಿ ಬಿಗಿದುಕೊಂಡೇ ಉಳಿದ ಆರು ನಿಮಿಷ ಅತ್ತೆ. ಸಿಸ್ಟರ್ ಟಾರ್ಚ್ ಹಾಕಿ ಹೋದ ಮೇಲೆ ಅವರು ವೃತ್ತದ ಅಂಚಿಗೆ ಬಂದು ನಿಂತರು. ನಾನೂ ನನ್ನ ಅಂಚಿಗೆ ಬಂದೆ.

"ಈಗ ನೀವು ಬೈಯಿರಿ," ಎಂದೆ. "ಮೊದಲನೇ ದಿನವೇ ನನಗೆ ಗೊತ್ತಾಗಿತ್ತು. ನಿಮ್ಮ ಮುಖ ನೋಡೋ ಆಸೆಗೆ ಮೂರು ದಿನ ನಿಮ್ಮನ್ನ ಸಾಯೋಕೆ ಬಿಟ್ಟಿದ್ದೆ."

ಅವರು ಕಾಲ ಬಳಿಯ ಸುಣ್ಣದ ಗೆರೆಯನ್ನು ಚಪ್ಪಲಿಯಿಂದ ತೀಡಿದರು. ಆಮೇಲೆ, ಮನೆಗೆ ಕೊಟ್ಟ ಸ್ಟ್ರಿಪ್ ಇರುವಾಗ ನೀವ್ಯಾಕೆ ಇಲ್ಲಿ ಎಂದು ಕೇಳಿದರು. ವಾಪಸ್ ಕೊಟ್ಟೆ ಎಂದೆ. ಎಷ್ಟು ದೂರ ನಡೆದಿರಿ ಎಂದು ಕೇಳಿದರು. ಹೇಳಿದೆ. ಎಷ್ಟು ದಿನದಿಂದ ಎಂದರು. ಅದನ್ನೂ ಹೇಳಿದೆ.

"ನಿಮ್ಮ ಮೇಲಿನ ಸಿಟ್ಟು ಇನ್ನೂ ಹೋಗಿಲ್ಲ," ಎಂದರು.

"ಇರಲಿ."

"ಪೂರ್ತಿ ಕರಗೋಕೆ ದಿನ ಹಿಡಿಯುತ್ತೆ, ಇಸ್ತ್ರಿ."

ಕಾಯ್ತೀನಿ, ಕೂತು ಕಾಯೋದು ಅಭ್ಯಾಸ ಇದೆ ಎಂದೆ. ಅವರು ಕುರ್ಚಿಯ ಹತ್ತಿರ ಬಿದ್ದಿದ್ದ ಸುಣ್ಣದ ತುಂಡೊಂದನ್ನು ಕಷ್ಟಪಟ್ಟು ಬಗ್ಗಿ ಎತ್ತಿಕೊಂಡರು. ತಮ್ಮ ವೃತ್ತದೊಳಗೆ ನೆಲದ ಮೇಲೆ ಒಂದು ಸೊನ್ನೆ ಬರೆದರು. ಮೇಷ್ಟ್ರು ಬರೆಯುತ್ತಿದ್ದ ಹಾಗೆ, ದುಂಡಗೆ. ಬರೆದು ಬೆನ್ನು ಹಿಡಿದುಕೊಂಡು ನೆಟ್ಟಗಾಗಿ, ನಾಳೆ ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಕೇಳಿದರು.